ಎಲ್ಲಿ ನೋಡಿದರೂ ಅದೇ ಚುಕ್ಕೆ

ಆಪರೇಷನ್ ಥಿಯೇಟರಿಗೆ ಹೊಸದಾಗಿ ಸೇರಿದ ನರ್ಸ್ ಹುಡುಗಿಯರು ಆಗಾಗ ನನ್ನನ್ನು ನೋಡಲು ಮನೆಗೆ ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ ಮಾತು. "ಆಂಟಿ, ನಿಮ್ ಕಾಲಕ್ಕ ಟಿವಿನೇ ಇದ್ದಿಲ್ಲಂತಲ್ರಿ, ಹೊಟ್ಯಾಗಿಂದು ಹೆಂಗ ನೋಡ್ತಿದ್ರಿ?"

"ಕಣ್ಣಿಲೆ ನೋಡ್ತಿದ್ವಿ ತಾಯಿ. ಮತ್ತ ಎದ್ರಿಲೆ ನೋಡ್ತಾರ?" ಎನ್ನುತ್ತೇನೆ. ಅವರು ಕಿಸಕ್ಕೆಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಟಿವಿ ಬಂದ ಮೊದಲ ದಿನ ಏನಾಯಿತು ಎಂಬುದನ್ನು ಆ ಹುಡುಗಿಯರಿಗೆ ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಇದುವರೆಗೆ ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆದೋನಿಯಲ್ಲಿ ಹತ್ತಿ ವ್ಯಾಪಾರಿಗಳು ಸೇರಿ ಕಟ್ಟಿಸಿದ ಒಂದು ಧರ್ಮಾಸ್ಪತ್ರೆಯಲ್ಲಿ ನಾನು ಥಿಯೇಟರ್ ಸಿಸ್ಟರಾಗಿದ್ದೆ. ಆಸ್ಪತ್ರೆಯ ಹೆಸರು ಬೇಡ. ನಾನು ಹೆಡ್ ಸಿಸ್ಟರ್ ಆದದ್ದು ಯಾವಾಗ, ಸಂಬಳ ಎಷ್ಟಾಯಿತು ಎಂಬುದೂ ಬೇಡ. ಅದೆಲ್ಲ ಪೆನ್ಷನ್ ಕಾಗದದಲ್ಲಿದೆ. ನನ್ನ ಎದೆ ಧಸಕ್ಕೆಂದ ಸಂಗತಿಗಳನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ನಮ್ಮದು ಮಡಿ ಮನೆ. ಅಪ್ಪ ಪೂಜೆ ಪುನಸ್ಕಾರ ಮಾಡಿಸುವ ಆಚಾರ್ಯರು. ಎಪ್ಪತ್ತರ ದಶಕದಲ್ಲಿ ಅಂಥ ಮನೆಯ ಹುಡುಗಿ "ನರ್ಸ್ ಆಗ್ತೀನಿ" ಎಂದರೆ ಹೇಗಿರುತ್ತದೆ ನೀವೇ ಯೋಚಿಸಿ. "ರಕ್ತಾ ಮುಟ್ಟಿದ ಕೈಲೆ ನೈವೇದ್ಯ ಮುಟ್ತೀಯೇನ ರುಕ್ಕೂ?" ಎಂದು ಅಜ್ಜಿ ಹಣೆ ಹಣೆ ಬಡಿದುಕೊಂಡಳು. ಅಪ್ಪ ಒಂದು ವರ್ಷ ನನ್ನ ಜೊತೆ ಮಾತೇ ಆಡಲಿಲ್ಲ. ಡ್ಯೂಟಿ ಮುಗಿಸಿ ಬಂದರೆ ಹಿತ್ತಲ ಬಾವಿಯಲ್ಲಿ ನೀರು ಸೇದಿ ತಲೆಗೆ ಸುರಿದುಕೊಂಡೇ ಒಳಗೆ ಹೋಗಬೇಕು. ಚಳಿಗಾಲದಲ್ಲೂ ಅಷ್ಟೇ.

ಆದರೆ ಮನೆಯವರು ಯಾವುದಕ್ಕೆ ಅಳುತ್ತಿದ್ದರೋ ಅದನ್ನೇ ನಮ್ಮ ಸರ್ಜನ್ ಶೇಷಗಿರಿ ಡಾಕ್ಟರು ಮೆಚ್ಚಿಕೊಂಡರು. ಅವರು ಕರ್ನೂಲಿನ ಕಡೆಯವರು, ತೆಲುಗು ಮನೆತನ, ಸಿಟ್ಟು ಮೂಗಿನ ತುದಿಯಲ್ಲೇ. ಕತ್ತರಿ ಬಿಸಾಡುತ್ತಿದ್ದರು. ಆದರೆ ನನ್ನ ಮೇಲೆ ಬಿಸಾಡಿದವರಲ್ಲ. "ಮಡಿ ಮನಿ ಹುಡುಗಿ. ತೊಳೆಯೋದು, ಒರೆಸೋದು ಈಕಿಗೆ ಯಾರೂ ಕಲಿಸಬೇಕಾಗಿಲ್ಲ" ಎಂದು ಹೇಳಿ, ಆಸ್ಪತ್ರೆಗೆ ಬಂದ ಹೊಸ ಸ್ಕೋಪನ್ನು ನನ್ನ ಕೈಗೇ ಕೊಟ್ಟರು.

ಸ್ಕೋಪು ಎಂದರೆ ಒಂದು ಗೇಣಿಗಿಂತ ಉದ್ದದ, ಬೆರಳು ಗಾತ್ರದ ಉಕ್ಕಿನ ಕೊಳವೆ. ಹೊಕ್ಕುಳದ ಕೆಳಗೆ ಅಷ್ಟೇ ಜಾಗ ಮರಗಟ್ಟಲು ಸೂಜಿ ಚುಚ್ಚಿ, ಸಣ್ಣ ತೂತು ಮಾಡಿ, ಹೊಟ್ಟೆಗೆ ಗಾಳಿ ತುಂಬಿ, ಅದನ್ನು ಒಳಗೆ ಇಳಿಸುವುದು. ಈ ತುದಿಯಲ್ಲಿ ಒಂದು ಗಾಜು, ಅದಕ್ಕೆ ಒಂದು ಕಣ್ಣು ಹಚ್ಚಿ ಇನ್ನೊಂದನ್ನು ಮುಚ್ಚಿ ನೋಡಬೇಕು. ಜಠರದಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದು ಎಕ್ಸ್‌ರೇಯಲ್ಲಿ ಗೊತ್ತಾದ ಮೇಲೆ, ಅದು ಲಿವರಿಗೆ, ಹೊಟ್ಟೆಯ ಗೋಡೆಗೆ ಹಬ್ಬಿದೆಯೋ ಇಲ್ಲವೋ ನೋಡುವುದು ಇದರ ಕೆಲಸ. ಹಬ್ಬಿದ್ದರೆ ಅಲ್ಲಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಕಂಡರೆ ಹೊಟ್ಟೆ ಕೊಯ್ದು ಪ್ರಯೋಜನವಿಲ್ಲ, ಮನೆಗೆ ಕಳಿಸಬೇಕು. ಕಾಣದಿದ್ದರೆ ಕೊಯ್ದು ಗಡ್ಡೆ ತೆಗೆಯಬಹುದು, ಮನುಷ್ಯ ಬದುಕಬಹುದು. ಸಾವು ಬದುಕಿನ ತೀರ್ಪೆಲ್ಲ ಆ ಬೆರಳು ಗಾತ್ರದ ಗಾಜಿನಲ್ಲಿ ಆಗಬೇಕಿತ್ತು.

ಮೊದಲ ಸಲ ಡಾಕ್ಟರು ನನ್ನನ್ನು ಕರೆದು "ಚೂಡು, ನೋಡು" ಎಂದಾಗ ಕಣ್ಣು ಇಟ್ಟೆ. ಅಯ್ಯೋ! ಎದುರಿಗೆ ಬದುಕಿರುವ ಲಿವರ್. ಪುಸ್ತಕದ ಚಿತ್ರದ ಹಾಗೆ ಸತ್ತ ಬಣ್ಣವಲ್ಲ, ಆಗತಾನೆ ತೊಳೆದಿಟ್ಟ ಬದನೆಕಾಯಿಯ ಹಾಗೆ ಮಿಂಚುತ್ತಿತ್ತು. ಆ ಮನುಷ್ಯ ಉಸಿರೆಳೆದಂತೆ ಅದು ಕೆಳಗೆ ಸರಿಯುವುದು, ಬಿಟ್ಟಂತೆ ಮೇಲೆ ಹೋಗುವುದು. ನಾನು ಕಣ್ಣು ತೆಗೆಯದೆ ಅಲ್ಲೇ ಬಗ್ಗಿ ನಿಂತುಬಿಟ್ಟೆ. ಅಟೆಂಡರ್ ಖಾಜಾ ಸಾಬರು, ವಯಸ್ಸಾದ ಮನುಷ್ಯ, ಪಕ್ಕದಿಂದ ಮೆಲ್ಲಗೆ "ಕ್ಯಾ ಹುವಾ ಬೇಟಿ? ಒಳಗ ದೇವ್ರು ಕಂಡ್ನೇನು?" ಎಂದರು. ದೇವರಿಗಿಂತ ಹೆಚ್ಚಿನದನ್ನೇ ಕಂಡೆ ಅನ್ನಿಸಿತ್ತು.

ಅದಾದ ಕೆಲವೇ ತಿಂಗಳಿಗೆ ಕೋಸಗಿಯ ಒಬ್ಬ ಮುದುಕಿಯ ಹೊಟ್ಟೆ ನೋಡಿ ಡಾಕ್ಟರು "ಸ್ವಚ್ಛ ಐತಿ, ಆಪರೇಷನ್‌ಗೆ ತಯಾರು ಮಾಡ್ರಿ" ಎಂದರು. ನಾನೂ ಸುಮ್ಮನೆ ಒಂದು ಸಲ ಕಣ್ಣಿಟ್ಟೆ. ಲಿವರಿನ ಅಂಚಿನ ಕೆಳಗೆ ಸಾಬುದಾಣಿಯಷ್ಟು ಬಿಳಿ.

"ಸಾರ್, ಅಂಚಿನ ಕೆಳಗ ಏನೋ ಬೆಳ್ಳಗ ಐತ್ರಿ" ಎಂದೆ.

"ನೀನೇನು ಸರ್ಜನ್ನಾ?" ಎಂದು ಥಿಯೇಟರ್ ಹಾರಿಹೋಗುವಂತೆ ಗದರಿದರು. ಗದರಿದವರು ಮತ್ತೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಕಿವಿ ಕೆಂಪಗಾದದ್ದು ಮಾಸ್ಕಿನ ಪಕ್ಕದಲ್ಲಿ ನನಗೆ ಕಾಣುತ್ತಿತ್ತು. ಆ ದಿನದಿಂದ ಅವರೇ ಒಂದು ನಿಯಮ ಮಾಡಿದರು. ಅವರು ನೋಡಿದ ಮೇಲೆ ತಾವು ಕಂಡದ್ದನ್ನು ಹೇಳುವುದಿಲ್ಲ. ನಾನು ನೋಡಬೇಕು, ನಾನು ಕಂಡದ್ದನ್ನು ಮೊದಲು ಹೇಳಬೇಕು. ಇಬ್ಬರ ಮಾತೂ ಕೂಡಿದರೆ ಸರಿ, ಕೂಡದಿದ್ದರೆ ಮತ್ತೆ ನೋಡುವುದು. ಒಬ್ಬ ಸಿಸ್ಟರಿಗೆ ಅಂಥ ಮರ್ಯಾದೆ ಆ ಕಾಲದಲ್ಲಿ ಯಾವ ಸರ್ಜನ್ನೂ ಕೊಡುತ್ತಿರಲಿಲ್ಲ.

ಇನ್ನು ಟೀ ಪ್ರಸಂಗ. ತಣ್ಣಗಿರುವ ಸ್ಕೋಪನ್ನು ಬಿಸಿ ಹೊಟ್ಟೆಯೊಳಗೆ ಇಟ್ಟರೆ ಗಾಜಿಗೆ ಮಂಜು ಕೂರುತ್ತದೆ. ಅದಕ್ಕೆ ಒಂದು ಫ್ಲಾಸ್ಕಿನಲ್ಲಿ ಕಾಸಿದ ನೀರು ಇಟ್ಟು, ಸ್ಕೋಪನ್ನು ಅದ್ದಿ ಬೆಚ್ಚಗೆ ಮಾಡುತ್ತಿದ್ದೆವು. ಒಂದು ದಿನ ಅದ್ದಿ ತೆಗೆದು ಡಾಕ್ಟರ ಕೈಗೆ ಕೊಟ್ಟೆ. ಅವರು ಒಳಗೆ ಇಳಿಸಬೇಕು, ಅಷ್ಟರಲ್ಲಿ ಮೂಗು ಅರಳಿಸಿ "ಇದೇನು ಏಲಕ್ಕಿ ವಾಸನಿ?" ಎಂದರು. ಖಾಜಾ ಸಾಬರು ಅದೇ ಬಣ್ಣದ ಫ್ಲಾಸ್ಕಿನಲ್ಲಿ ಟೀ ತಂದು ಪಕ್ಕದಲ್ಲೇ ಇಟ್ಟಿದ್ದರು! ಪೇಷಂಟ್ ಮೇಜಿನ ಮೇಲೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದಾನೆ, ಸಾವಿರಾರು ರೂಪಾಯಿಯ ಸ್ಕೋಪಿನಿಂದ ಟೀ ತೊಟ್ಟಿಕ್ಕುತ್ತಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಅವತ್ತಿನಿಂದ ನಾನೇ ಒಂದು ಪರೀಕ್ಷೆ ಹುಡುಕಿಕೊಂಡೆ. ಎದುರು ಗೋಡೆಗೆ ಒಂದು ಕ್ಯಾಲೆಂಡರ್ ಇತ್ತು. ಹೊಟ್ಟೆಗೆ ಇಳಿಸುವ ಮೊದಲು ಸ್ಕೋಪನ್ನು ಅದರ ಕಡೆ ಹಿಡಿದು ಕಣ್ಣಿಟ್ಟು, ಅದರ ಅಂಕಿಗಳನ್ನು ಓದಬೇಕು. ಅಂಕಿ ಸ್ವಚ್ಛವಾಗಿ ಕಂಡರೆ ಗಾಜು ಸ್ವಚ್ಛ. ವರ್ಷಗಟ್ಟಲೆ ಒಂದು ದಿನವೂ ತಪ್ಪಿಸಲಿಲ್ಲ, ಆ ಒಂದು ಶುಕ್ರವಾರ ಬಿಟ್ಟು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಸ್ಪತ್ರೆಯ ಟ್ರಸ್ಟಿ ಶೆಟ್ಟರ ಬೀಗರೊಬ್ಬರು ಹೊರದೇಶದಿಂದ ಒಂದು ಸಣ್ಣ ಕ್ಯಾಮೆರಾ ತಂದುಕೊಟ್ಟರು. ಟಾರ್ಚಿನಷ್ಟು ಗಾತ್ರ. ಸ್ಕೋಪಿಗೆ ಕಣ್ಣು ಹಚ್ಚುವ ಜಾಗದಲ್ಲಿ ಅದನ್ನು ಸಿಕ್ಕಿಸಿದರೆ ಹೊಟ್ಟೆಯೊಳಗಿನದು ಟಿವಿಯಲ್ಲಿ ಕಾಣುತ್ತದೆಯಂತೆ! ಆದೋನಿಯಲ್ಲಿ ಯಾರಿಗೂ ನಂಬಿಕೆ ಇಲ್ಲ. ಮದುವೆ ಮನೆಗಳಿಗೆ ಸಿನಿಮಾ ಹಾಕುವ ವಿಡಿಯೋ ಅಂಗಡಿಯವನಿಂದ ದೊಡ್ಡ ಕಲರ್ ಟಿವಿ ತರಿಸಿದರು.

ಆ ದಿನದ ಪೇಷಂಟ್ ನಾಗಲದಿನ್ನೆಯ ಉರುಕುಂದಪ್ಪ. ತುಂಗಭದ್ರೆಯ ದಂಡೆಯಲ್ಲಿ ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುವವನು, ಐವತ್ತರ ಒಳಗಿನ ವಯಸ್ಸು, ಜಠರದ ತುದಿಯಲ್ಲಿ ಗಡ್ಡೆ. ಹೆಂಡತಿ ತೀರಿಕೊಂಡಿದ್ದಳು. ಜೊತೆಗೆ ಇದ್ದದ್ದು ಒಬ್ಬಳೇ ಮಗಳು ಈರಮ್ಮ. ಹತ್ತನೇ ಕ್ಲಾಸ್ ಪಾಸಾಗಿ ಎರಡು ವರ್ಷ ಮನೆಯಲ್ಲಿದ್ದಳು. ವಾರ್ಡಿಗೆ ಬಂದ ಎರಡೇ ದಿನಕ್ಕೆ ಟೆಂಪರೇಚರ್ ನೋಡಿ ಬರೆಯುವುದನ್ನು ಕಲಿತುಬಿಟ್ಟಳು. ಪಕ್ಕದ ಮಂಚದ ಮುದುಕಿಗೂ ಆಕೆಯೇ ಗಂಜಿ ಕುಡಿಸುವವಳು.

"ಸಿಸ್ಟರ್, ನಾನೂ ನಿಮ್ಮಂಗ ಆಗಬೇಕಂದ್ರ ಏನು ಮಾಡಬೇಕ್ರಿ?" ಎಂದು ಕೇಳಿದಳು ಒಂದು ದಿನ.

ನಾನು ಕರ್ನೂಲಿನಿಂದ ನರ್ಸಿಂಗ್ ಟ್ರೇನಿಂಗಿನ ಫಾರ್ಮ್ ತರಿಸಿದೆ. ಅದು ಇಂಗ್ಲಿಷಿನಲ್ಲಿತ್ತು, ನಾನೇ ತುಂಬಿದೆ. ಆಗಿನ ನಿಯಮ, ಮದುವೆಯಾದ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 'ಮದುವೆ ಆಗಿಲ್ಲ' ಎಂಬಲ್ಲಿ ಟಿಕ್ ಹಾಕಿದೆ. ಇನ್ನು ಅಪ್ಪನ ಹೆಬ್ಬೆಟ್ಟು ಒಂದು ಬಾಕಿ. "ಅಪ್ಪನ ಆಪರೇಷನ್ ಆಗ್ಲಿ ಸಿಸ್ಟರ್, ಎದ್ದು ಕುಂತ ಮ್ಯಾಲೆ ಒತ್ತತಾನ. ಈಗ ಅಂವಗ ಹೆದರಿಕಿ ಐತಿ" ಎಂದಳು. ಸರಿ ಎಂದು ಫಾರ್ಮನ್ನು ನನ್ನ ಬೀರುವಿನಲ್ಲಿ ಇಟ್ಟೆ. ಕೊನೆಯ ತಾರೀಖಿಗೆ ಇನ್ನೂ ಮೂರು ವಾರ ಇತ್ತು.

ಶುಕ್ರವಾರ ಬೆಳಿಗ್ಗೆ ಥಿಯೇಟರಿನಲ್ಲಿ ಜಾತ್ರೆ. ಟ್ರಸ್ಟಿಗಳು, ಊರಿನ ನಾಲ್ಕಾರು ಡಾಕ್ಟರುಗಳು, ಎಲ್ಲರಿಗೂ ಗೌನು, ಟೋಪಿ. ಹೊಸ ಯಂತ್ರ ಎಂದಮೇಲೆ ಪೂಜೆ ಆಗಬೇಡವೇ? ಶೆಟ್ಟರು ನನ್ನ ಕಡೆ ತಿರುಗಿ "ಆಚಾರ್ರ ಮಗಳು ಇದ್ದೀಯಲ್ಲಮ್ಮ, ನೀನೇ ಮಾಡು" ಎಂದರು. ನನಗೆ ಎಷ್ಟು ಹೆಮ್ಮೆಯಾಯಿತು! ನರ್ಸ್ ಆದಳು ಎಂದು ಮನೆಯ ದೇವರ ಕೋಣೆಗೆ ಬಿಡದ ನನ್ನ ಕೈಯಿಂದ ಪೂಜೆ. ಅಪ್ಪನ ಸಾಣೆಕಲ್ಲಿನ ಮೇಲೆ ತೇದ ಗಂಧವನ್ನು ಅಮ್ಮನಿಂದ ಕೇಳಿ ಡಬ್ಬಿಯಲ್ಲಿ ತಂದಿದ್ದೆ. ಟಿವಿಗೆ ಒಂದು ಬೊಟ್ಟು, ದೀಪದ ಪೆಟ್ಟಿಗೆಗೆ ಒಂದು ಬೊಟ್ಟು, ಕ್ಯಾಮೆರಾಕ್ಕೆ ಒಂದು. ಕ್ಯಾಮೆರಾದ ಮುಖ ಎಂದರೆ ಮುಂದಿನ ಗಾಜಿನ ಕಡೆಯೇ ತಾನೇ, ಅದರ ಅಂಚಿಗೆ ಇಟ್ಟೆ. ಗಂಧ ತೆಳ್ಳಗಿತ್ತು. ಮಂತ್ರಾಕ್ಷತೆ ಹಾಕಿ ಎಲ್ಲರೂ ಕೈಮುಗಿದರು.

ಸ್ಕೋಪಿಗೆ ಸಿಕ್ಕಿಸುವ ಮೊದಲು ರೂಢಿಯಂತೆ ನನ್ನ ಕೈ ಸ್ಪಿರಿಟ್ ಹತ್ತಿಯ ಕಡೆ ಹೋಯಿತು. ಹೋದ ಕೈ ನಿಂತಿತು. ದೇವರ ಗಂಧವನ್ನು ಇಟ್ಟ ಕೈಯಿಂದಲೇ ಒರೆಸಬಾರದು, ಅದು ತಾನಾಗಿ ಉದುರಬೇಕು ಎಂಬುದು ನಮ್ಮ ಮನೆಯ ಪದ್ಧತಿ. ದಿನಕ್ಕೆ ನೂರು ಸಲ ಒರೆಸುವವಳು ಆ ಹತ್ತಿಯನ್ನು ತಟ್ಟೆಯಲ್ಲಿ ವಾಪಸ್ ಇಟ್ಟೆ. ಕ್ಯಾಲೆಂಡರ್ ಪರೀಕ್ಷೆಯೂ ಆಗಲಿಲ್ಲ. ಕ್ಯಾಲೆಂಡರಿನ ಮುಂದೆ ಶೆಟ್ಟರು ನಿಂತಿದ್ದರು, ಸರಿಯಿರಿ ಎನ್ನಲು ನನಗೆ ಸಂಕೋಚವಾಯಿತು.

ಟಿವಿಯಲ್ಲಿ ಹೊಟ್ಟೆ ತೆರೆದುಕೊಂಡಿತು. ಊಟದ ತಟ್ಟೆಯಷ್ಟು ಅಗಲದ ಲಿವರ್! ಎಲ್ಲರ ಬಾಯಿಂದಲೂ ಒಂದೇ ಉದ್ಗಾರ. ಆಮೇಲೆ ಅದು ಕಂಡಿತು. ಲಿವರಿನ ಮೇಲೆ ನಾಲ್ಕೈದು ಮಸುಕು ಬಿಳಿ ಚುಕ್ಕೆ. ಡಾಕ್ಟರು ಸ್ಕೋಪನ್ನು ಎಡಕ್ಕೆ ತಿರುಗಿಸಿದರು, ಅಲ್ಲೂ ಚುಕ್ಕೆ. ಹೊಟ್ಟೆಯ ಗೋಡೆಯ ಕಡೆ ತಿರುಗಿಸಿದರು, ಅಲ್ಲೂ. ಕೆಳಗೆ ಕರುಳಿನ ಮೇಲೂ.

"ಎಲ್ಲಿ ನೋಡಿದ್ರೂ ಅದೇ" ಎಂದರು ಒಬ್ಬ ಡಾಕ್ಟರು.

"ಎಲ್ಲಾ ಕಡೆ ಹಬ್ಬೈತಿ. ಪಾಪ" ಎಂದರು ಇನ್ನೊಬ್ಬರು.

ಶೇಷಗಿರಿ ಡಾಕ್ಟರು ಎರಡು ನಿಮಿಷದಲ್ಲಿ ಸ್ಕೋಪು ಹೊರತೆಗೆದರು. ಚೂರು ತೆಗೆದು ಪರೀಕ್ಷೆಗೂ ಕಳಿಸಲಿಲ್ಲ. ಇಷ್ಟು ಕಣ್ಣಾರೆ ಕಂಡಮೇಲೆ ಏನು ಕಳಿಸುವುದು? "ನೀನು ನೋಡು ರುಕ್ಮಿಣಿ" ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹತ್ತು ಹನ್ನೆರಡು ಜನ ಕೂಡಿಯೇ ನೋಡಿದ್ದೆವಲ್ಲ! ಒಬ್ಬರೇ ನೋಡುತ್ತಿದ್ದಾಗ ಎಷ್ಟು ಅನುಮಾನ ಪಡುತ್ತಿದ್ದೆವು. ಎಲ್ಲರೂ ನೋಡಿದ ದಿನ ಯಾರಿಗೂ ಅನುಮಾನ ಬರಲಿಲ್ಲ.

ಉರುಕುಂದಪ್ಪನಿಗೆ ಡಾಕ್ಟರೇ ಹೇಳಿದರು. ಎರಡು ತಿಂಗಳು, ಹೆಚ್ಚೆಂದರೆ ಮೂರು. ಆತ ಕೈಮುಗಿದು "ಆತ್ರಿ" ಎಂದ, ಅಷ್ಟೇ. ಈರಮ್ಮ ನನ್ನ ಸೆರಗು ಹಿಡಿದುಕೊಂಡು "ಸಿಸ್ಟರ್, ನೀವೂ ನೋಡಿದ್ರೇನ್ರಿ?" ಎಂದು ಕೇಳಿದಳು.

"ನೋಡಿದೆನವ್ವ" ಎಂದೆ.

ಭಾನುವಾರ ಅಪ್ಪ ಮಗಳು ಬಸ್ಸು ಹತ್ತಿದರು. ಫಾರ್ಮಿನ ಮಾತನ್ನು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಯಾಮೆರಾಕ್ಕೆ ನೀರು ಸೋಕಿಸಬಾರದು ಎಂದು ಕಟ್ಟಪ್ಪಣೆಯಾಗಿತ್ತು. ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ದೇವರ ಪೆಟ್ಟಿಗೆ ಇಟ್ಟ ಹಾಗೆ ಬೀರುವಿನಲ್ಲಿ ಇಟ್ಟೆ, ಆ ಫಾರ್ಮಿನ ಪಕ್ಕದಲ್ಲೇ.

ಮುಂದಿನ ಶನಿವಾರ ಇನ್ನೊಂದು ಕೇಸು. ಹತ್ತಿ ಮಿಲ್ಲಿನ ಕೆಲಸಗಾರನ ಹೆಂಡತಿ, ಗಟ್ಟಿಮುಟ್ಟಾದ ಹೆಂಗಸು. ಹೊಟ್ಟೆನೋವಿಗೆ ಕಾರಣ ಸಿಕ್ಕಿರಲಿಲ್ಲ. ಕ್ಯಾಲೆಂಡರಿನ ಕಡೆ ಹಿಡಿದು ನೋಡಿದಾಗ ಬರೀ ಸ್ಕೋಪು ಸ್ವಚ್ಛವಾಗಿತ್ತು. ಅದನ್ನು ಇಳಿಸಿ, ಆಮೇಲೆ ಕ್ಯಾಮೆರಾ ಸಿಕ್ಕಿಸಿ ಟಿವಿ ಹಚ್ಚಿದೆವು.

ಚುಕ್ಕೆ.

"ಈಕಿಗೂ ಐತಲ್ಲ!" ಎಂದರು ಡಾಕ್ಟರು. ಅವರ ದನಿಯಲ್ಲಿ ಮರುಕ ಇತ್ತು. ನಾನು ಟಿವಿಯನ್ನೇ ನೋಡುತ್ತಿದ್ದೆ. ಆಕೆ ಉಸಿರೆಳೆದಳು, ಲಿವರ್ ಕೆಳಗೆ ಸರಿಯಿತು. ಉಸಿರು ಬಿಟ್ಟಳು, ಮೇಲೆ ಹೋಯಿತು. ಚುಕ್ಕೆಗಳು ಇದ್ದಲ್ಲೇ ಇದ್ದವು.

"ಸಾರ್... ಲಿವರ್ ಅಳ್ಳಾಡಾಕತ್ತೈತಿ. ಚುಕ್ಕಿ ಅಳ್ಳಾಡವಲ್ಲವು."

ಡಾಕ್ಟರು ಒಂದು ಗಳಿಗೆ ನನ್ನ ಮುಖ ನೋಡಿದರು. ಕ್ಯಾಮೆರಾ ಕಿತ್ತು ನನ್ನ ಕೈಗೆ ತುರುಕಿ, ಬಗ್ಗಿ, ಸ್ಕೋಪಿಗೆ ಕಣ್ಣು ಹಚ್ಚಿದರು. ನೋಡಿದರು, ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ಕಣ್ಣಿಟ್ಟೆ. ಒಂದೇ ಒಂದು ಚುಕ್ಕೆ ಇಲ್ಲ. ತೊಳೆದ ಬದನೆಕಾಯಿಯಂಥ ಲಿವರ್.

ಕ್ಯಾಮೆರಾದ ಗಾಜನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದೆ. ಹತ್ತಿಗೆ ತಿಳಿ ಹಳದಿ ಹತ್ತಿತು. ಅಂಚಿಗೆ ಇಟ್ಟ ಗಂಧ ಇಳಿದು, ಗಾಜಿನ ಮೇಲೆ ಹನಿಹನಿಯಾಗಿ ಒಣಗಿ ಕೂತಿತ್ತು. ಸ್ಪಿರಿಟ್ಟಿನ ಘಾಟಿನ ನಡುವೆ ನಮ್ಮ ಮನೆಯ ದೇವರ ಕೋಣೆಯ ವಾಸನೆ. ಬಟ್ಟಲು ಹಿಡಿದು ನಿಂತಿದ್ದ ಖಾಜಾ ಸಾಬರು ಆ ಹತ್ತಿಯನ್ನು ನೋಡಿದರು, ನನ್ನನ್ನು ನೋಡಿದರು, "ಯಾ ಅಲ್ಲಾ" ಎಂದು ಕಣ್ಣು ಮುಚ್ಚಿಕೊಂಡರು.

ಅವತ್ತು ಡಾಕ್ಟರು ಕತ್ತರಿ ಬಿಸಾಡಲಿಲ್ಲ. ಬಿಸಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಸ್ಟೂಲಿನ ಮೇಲೆ ಕುಸಿದು "ಅಂವ ಹೋಗಿ ಎಷ್ಟು ದಿನ ಆತು?" ಎಂದರು.

"ಆರು ದಿನ ಸಾರ್."

"ಕಾರ್ ತೆಗಿಯಾಕ ಹೇಳು. ನೀನೂ ಬಾ." ಆಮೇಲೆ ದನಿ ತಗ್ಗಿಸಿ ಹೇಳಿದರು, "ತಪ್ಪು ನಂದು. ನಾನು ಕಣ್ಣಿಟ್ಟು ನೋಡಬೇಕಿತ್ತು. ಗಂಧದ ಮಾತು ಯಾರ ಮುಂದೂ ಎತ್ತಬ್ಯಾಡ. ಯಂತ್ರ ಕೆಟ್ಟಿತ್ತು, ಅಷ್ಟೇ." ನಾನು ತಲೆಯಾಡಿಸಿದೆ. ನಾಚಿಕೆಗೇಡಿನ ಮಾತು ಬರೆಯುತ್ತಿದ್ದೇನೆ, ಆ ಗಳಿಗೆಯಲ್ಲಿ ನನಗೆ ಹಾಯೆನಿಸಿತ್ತು.

ಎಮ್ಮಿಗನೂರು ದಾಟಿ ನಾಗಲದಿನ್ನೆ ಮುಟ್ಟಿದೆವು. ಮನೆ ತೋರಿಸಿದರು. ಮುಂದೆ ಹಂದರ ಹಾಕಿತ್ತು. ತೀರಿಕೊಂಡುಬಿಟ್ಟನೇ? ಹತ್ತಿರ ಹೋದರೆ ಹಂದರಕ್ಕೆ ಮಾವಿನ ತೋರಣ. ಅಂಗಳದಲ್ಲಿ ರಂಗೋಲಿ. ಮೂಲೆಯಲ್ಲಿ ಹೆಂಗಸರು ದೊಡ್ಡ ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದರು. ಅಬ್ಬ, ಸಾವಲ್ಲ ಎಂದು ಉಸಿರು ಬಿಟ್ಟೆ. ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಬಾಗಿಲಲ್ಲಿ ಈರಮ್ಮ ಕಂಡಳು. ಕೈಗೆ ಹಸಿರು ಬಳೆ, ಕೊರಳಲ್ಲಿ ಹಸಿ ಅರಿಷಿಣದ ತಾಳಿ ದಾರ.

ಉರುಕುಂದಪ್ಪ ಮಂಚದ ಮೇಲೆ ಕೂತಿದ್ದ. ನಮ್ಮನ್ನು ಕಂಡು ಏಳಲು ಹೋದ. "ಬರ್ರಿ ಡಾಕ್ಟ್ರೇ, ಬಾ ತಾಯಿ. ನಿಮಗ ಹೇಳಿ ಕಳಸಾಕ ಆಗಲಿಲ್ರಿ, ಅವಸರದ ಲಗ್ನ. ನಿನ್ನೆ ಆತು. ನಾ ಸತ್ರ ಒಂದು ವರ್ಷ ಮನ್ಯಾಗ ಶುಭಕಾರ್ಯ ಮಾಡಂಗಿಲ್ಲ. ತಾಯಿಲ್ಲದ ಕೂಸು, ವರ್ಷಾ ಎಲ್ಲಿ ಇರ್ತಾಳ್ರಿ? ಇಕಿ ಸ್ವಾದರಮಾವ ಕೋಸಗ್ಯಾಗ ಅದಾನ, ಅಂವಗ ಕೊಟ್ಟೆ. ವಯಸ್ಸು ಸ್ವಲ್ಪ ಜಾಸ್ತಿ, ಮೊದಲ್ನೇ ಹೆಣ್ತಿ ತೀರಿಕೊಂಡಾಳ. ಗುಂಟೂರ ಕಡೆ ಮೆಣಸಿನಕಾಯಿ ಬಿಡಿಸಾಕ ಹೋಗ್ತಾನ, ದುಡಿಯೋ ಮನಷ್ಯ. ನಂಗ ಈಗ ನಿಶ್ಚಿಂತಿ ಆತು ನೋಡ್ರಿ. ಉಂಡು ಹೋಗ್ರಿ."

ಡಾಕ್ಟರು ಮಂಚದ ಅಂಚಿನ ಮೇಲೆ ಕೂತರು. "ಉರುಕುಂದಪ್ಪಾ, ನಿನ್ನ ರೋಗ ಹಬ್ಬಿಲ್ಲಂತ ಕಾಣ್ತೈತಿ. ಯಂತ್ರ ತಪ್ಪು ತೋರಿಸಿತ್ತು. ಈಗಲೇ ಬಾ, ಆಪರೇಷನ್ ಮಾಡ್ತೀನಿ. ನೀನು ಬದುಕ್ತಿ."

ಆತನಿಗೆ ಅರ್ಥವಾಗಲಿಲ್ಲ. ಎರಡನೇ ಸಲ ಹೇಳಿದರು. ಆತ ಮಗಳನ್ನು ನೋಡಿದ, ತಾಳಿಯ ದಾರ ನೋಡಿದ, ತೋರಣ ನೋಡಿದ. "ಹಂಗಾರ... ಈ ಲಗ್ನ?" ಎಂದ.

ಪಾತ್ರೆ ತಿಕ್ಕುತ್ತಿದ್ದ ಹೆಂಗಸರ ಕೈ ನಿಂತವು. ಈರಮ್ಮ ಮುಂದೆ ಬಂದು ಡಾಕ್ಟರ ಕಾಲು ಮುಟ್ಟಿ "ಅಪ್ಪ ಬದುಕ್ತಾನಂದ್ರಲ್ರಿ, ಅಷ್ಟ ಸಾಕ್ರಿ" ಎಂದಳು. ಎದ್ದು ಒಳಗೆ ಹೋಗಿ ಅಪ್ಪನ ಬಟ್ಟೆ ಗಂಟು ಕಟ್ಟತೊಡಗಿದಳು. ಹೋಗುವಾಗ ನನ್ನ ಕಡೆ ಒಂದು ಸಲ ನೋಡಿದಳು. ನಾನು ನೆಲ ನೋಡಿದೆ. ಎರಡೇ ಎರಡು ದಿನ ಮೊದಲು ಆ ಮಿಲ್ಲಿನ ಹೆಂಗಸು ನಮ್ಮ ಮೇಜಿಗೆ ಬಂದಿದ್ದರೆ!

ಸೋಮವಾರ ಆಪರೇಷನ್. ಡಾಕ್ಟರು ಟಿವಿಯನ್ನು ಮುಟ್ಟಲಿಲ್ಲ. ಸ್ಕೋಪು ಇಳಿಸಿ "ಮೊದಲು ನೀನು" ಎಂದರು. ಕಣ್ಣಿಟ್ಟೆ. ಏನೂ ಕಾಣಲಿಲ್ಲ, ನನ್ನ ಕಣ್ಣಲ್ಲೇ ನೀರು. ಒರೆಸಿಕೊಂಡು ಮತ್ತೆ ನೋಡಿದೆ. "ಸ್ವಚ್ಛ ಐತ್ರಿ" ಎಂದೆ. ಅವರೂ ನೋಡಿದರು. ಹೊಟ್ಟೆ ತೆರೆದು ಜಠರದ ಮುಕ್ಕಾಲು ಪಾಲು ತೆಗೆದರು. ಉರುಕುಂದಪ್ಪ ಬದುಕಿದ. ಒಂದು ತಿಂಗಳಾದ ಮೇಲೆ ಸ್ವಲ್ಪ ಸ್ವಲ್ಪ ರೊಟ್ಟಿ ತಿನ್ನತೊಡಗಿದ. ಅಷ್ಟರಲ್ಲಿ ಫಾರ್ಮಿನ ತಾರೀಖು ಮುಗಿದಿತ್ತು, ಗಂಡ ಬಂದು ಈರಮ್ಮನನ್ನು ಕೋಸಗಿಗೆ, ಅಲ್ಲಿಂದ ಗುಂಟೂರಿನ ಕಡೆಗೆ ಕರೆದುಕೊಂಡು ಹೋಗಿದ್ದ. ಬಿಡುಗಡೆಯ ದಿನ ಉರುಕುಂದಪ್ಪ ನನ್ನ ಕೈ ಹಿಡಿದು "ಯಂತ್ರದ ತಪ್ಪಿಗೆ ಯಾರೇನು ಮಾಡ್ತಾರ ತಾಯಿ" ಎಂದ. ನನ್ನನ್ನು ಸಮಾಧಾನ ಮಾಡಿದ!

ಆಮೇಲೆ ಟಿವಿ ಥಿಯೇಟರಿಗೆ ಕಾಯಂ ಆಗಿ ಬಂತು. ಸ್ಕೋಪಿಗೆ ಕಣ್ಣು ಹಚ್ಚಿ ನೋಡುವ ರೂಢಿಯೇ ಹೋಯಿತು. ಹೊಸ ಸರ್ಜನ್ನುಗಳು ಬಂದರು. ಪ್ರತಿ ಸಲ ನಾನು ಕ್ಯಾಮೆರಾವನ್ನು ಕ್ಯಾಲೆಂಡರಿನ ಕಡೆ ಹಿಡಿದು, ಟಿವಿಯಲ್ಲಿ ಅಂಕಿ ಓದಿ, ಮೆಲ್ಲಗೆ ಅಳ್ಳಾಡಿಸಿ, ಅಳ್ಳಾಡದೆ ಉಳಿಯುವುದು ಏನಾದರೂ ಇದೆಯೇ ಎಂದು ನೋಡುವುದನ್ನು ಕಂಡು ಅವರು ನಗುತ್ತಿದ್ದರು. "ಸಿಸ್ಟರ್ ಪಂಚಾಂಗ ನೋಡ್ತಾಳ" ಎಂದು ಹಾಸ್ಯ ಮಾಡುತ್ತಿದ್ದರು. ಮಾಡಲಿ. ಪೂಜೆಯ ದಿನಗಳಲ್ಲಿ ಥಿಯೇಟರಿನ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದೆ. ಆಚಾರ್ರ ಮಗಳು ನಾಸ್ತಿಕಳಾದಳು ಎಂದು ಶೆಟ್ಟರು ಅಪ್ಪನಿಗೆ ದೂರು ಕೊಟ್ಟರು. ಡಾಕ್ಟರು ರಿಟೈರಾಗಿ ಕರ್ನೂಲಿಗೆ ಹೋದರು. ಗಂಧದ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಉರುಕುಂದಪ್ಪ ಹನ್ನೊಂದು ವರ್ಷ ಬದುಕಿದ. ತೀರಿಕೊಂಡದ್ದು ಹೊಟ್ಟೆಯ ರೋಗದಿಂದಲ್ಲ, ಜ್ವರದಿಂದ. ಹೇಳಲು ಈರಮ್ಮ ಆಸ್ಪತ್ರೆಗೇ ಬಂದಳು. ನಾನು ಗುರುತು ಹಿಡಿಯಲಿಲ್ಲ. ಮೂವತ್ತು ದಾಟಿರಲಿಲ್ಲ, ನಲವತ್ತರ ಹಾಗೆ ಕಾಣುತ್ತಿದ್ದಳು. ಮೆಣಸಿನಕಾಯಿ ಬಿಡಿಸಿ ಬಿಡಿಸಿ ಬೆರಳ ತುದಿಗಳು ಸುಲಿದಿದ್ದವು. ಆ ಬೆರಳು ಕಂಡ ಮೇಲೆ ನನಗೆ ತಡೆಯಲಾಗಲಿಲ್ಲ. ಲಿನನ್ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ಈರಮ್ಮಾ, ಯಂತ್ರ ಕೆಟ್ಟಿದ್ದಿಲ್ಲ. ಪೂಜಾ ಮಾಡಿ ನಾನೇ ಗಂಧ ಹಚ್ಚಿದ್ದೆ. ಒರೆಸಲಿಲ್ಲ. ಟಿವಿನಾಗ ಕಂಡದ್ದು ಅದು. ನಿಮ್ಮಪ್ಪನ ಹೊಟ್ಯಾಗ ಏನೂ ಇದ್ದಿಲ್ಲ."

ಆಕೆ ಬೆಚ್ಚಿ ಬೀಳಲಿಲ್ಲ. ಮಡಿಸಿಟ್ಟ ಚಾದರಗಳ ಕಡೆ ನೋಡುತ್ತ ನಿಂತಿದ್ದಳು.

"ಗೊತ್ತೈತ್ರಿ" ಎಂದಳು. "ಆಪರೇಷನ್ ದಿನ ಹೊರಗ ಕುಂತಿದ್ದೆ. ಖಾಜಾ ಸಾಬ ಹೇಳಿದ. ನಿನಗ ಗೊತ್ತಿರಬೇಕವ್ವ ಅಂತ ಅತ್ತುಕೋಂತ ಹೇಳಿದ."

"ಹನ್ನೊಂದು ವರ್ಷ! ಯಾಕ ಒಮ್ಮಿನೂ ಕೇಳಲಿಲ್ಲ ನೀನು? ಬಂದು ಬೈಬೇಕಿತ್ತು ನನ್ನ."

"ಬೈದ್ರ ಅಪ್ಪಗ ಗೊತ್ತಾಕ್ಕಿತ್ರಿ. ಯಂತ್ರ ಕೆಟ್ಟಿತ್ತು, ದೈವ ಅಂತ ಅಂವ ಸುಮ್ಮನಿದ್ದ. ಒಂದು ಬೊಟ್ಟು ಗಂಧಕ್ಕ ಮಗಳನ್ನ ಕೊಟ್ಟೆ ಅಂತ ಗೊತ್ತಾಗಿದ್ರ ಆ ಹನ್ನೊಂದು ವರ್ಷ ಅಂವಗ ಒಂದು ತುತ್ತು ಇಳೀತಿದ್ದಿಲ್ಲ. ಈಗ ಅಂವ ಇಲ್ಲ, ಅದಕ್ಕ ಬಂದೀನಿ." ಆಮೇಲೆ ಕೇಳಿದಳು, "ಆ ಫಾರ್ಮು ಐತೇನ್ರಿ?"

ಇತ್ತು. ಬೀರು ಬದಲಾದಾಗೆಲ್ಲ ಜೊತೆಯಲ್ಲೇ ಬಂದಿತ್ತು. ತಂದುಕೊಟ್ಟೆ. ಆಕೆ ಸುಲಿದ ಬೆರಳಿನಿಂದ ಒಂದೊಂದೇ ಸಾಲು ಹಿಡಿದು ಓದಿದಳು. ತನ್ನ ಹೆಸರು, ಊರು, ಹತ್ತನೇ ಕ್ಲಾಸಿನ ಮಾರ್ಕು. ನಾನು ಹಾಕಿದ್ದ ಟಿಕ್ಕಿನ ಮೇಲೆ ಬೆರಳು ನಿಂತಿತು. ಅಪ್ಪನ ಹೆಬ್ಬೆಟ್ಟಿನ ಜಾಗ ಖಾಲಿ ಇತ್ತು, ಅಲ್ಲೂ ನಿಂತಿತು. ಆಮೇಲೆ ಹಳೆಯ ಮಡಿಕೆಯ ಗುರುತಿಗೇ ಸರಿಯಾಗಿ ಮಡಿಸಿ ನನ್ನ ಕೈಗೆ ವಾಪಸ್ ಕೊಟ್ಟಳು.

"ನಿಮ್ಮ ಹತ್ರಾನ ಇರ್ಲಿ ಸಿಸ್ಟರ್" ಎಂದಳು.

ಇದೆ. ಹುಡುಗಿಯರೇ, ಮುಂದಿನ ಸಲ ಬಂದಾಗ ಟಿವಿಯ ಮಾತು ಕೇಳಬೇಡಿ, ಇದನ್ನು ಕೇಳಿ, ತೋರಿಸುತ್ತೇನೆ.